ತಟ್ಟೆ ಮಗುವಿನದು, ಅಭಿಪ್ರಾಯ ಊರಿನದು

ಜನರ ಆರೋಗ್ಯಕ್ಕೆ ಸಂಬಂಧಿಸಿದ ನೀತಿಯನ್ನು ರೂಪಿಸುವಾಗ ಸಮುದಾಯವನ್ನು ಜೊತೆಗಿಟ್ಟುಕೊಳ್ಳಬೇಕು ಎಂದು ಈಗ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಮಾತು. ಕರ್ನಾಟಕದಲ್ಲಿ ಈ ಮಾತನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಲಾಯಿತೆಂದರೆ, ಸರ್ಕಾರಿ ಶಾಲೆಯ ಮಗುವಿಗೆ ಬೇಯಿಸಿದ ಮೊಟ್ಟೆಯೊಂದನ್ನು ಕೊಡುವ ಮುನ್ನ ಆ ಮಗುವೊಂದನ್ನು ಬಿಟ್ಟು ಉಳಿದೆಲ್ಲರ ಮನಸ್ಸನ್ನೂ ತಿಳಿದುಕೊಳ್ಳಲಾಯಿತು. ಮಠಗಳಿಗೆ ಏನನ್ನಿಸುತ್ತದೆ, ಸಮಾಜದ ಮುಖಂಡರಿಗೆ ಏನನ್ನಿಸುತ್ತದೆ, ಟಿ.ವಿ. ಚರ್ಚೆಗೆ ಕೂತವರಿಗೆ ಏನನ್ನಿಸುತ್ತದೆ, ಬಸ್ ಸ್ಟ್ಯಾಂಡ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದವರಿಗೆ ಏನನ್ನಿಸುತ್ತದೆ ಎಲ್ಲವೂ ಗೊತ್ತಾಯಿತು. ಕೋಳಿಗೆ ಏನನ್ನಿಸುತ್ತದೆ ಎಂಬುದನ್ನೂ ಕೋಳಿಯ ಪರವಾಗಿ ಕೆಲವರು ಹೇಳಿದರು. ಮಧ್ಯಾಹ್ನ ಒಂದು ಗಂಟೆಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವವರನ್ನು ಮಾತ್ರ ಯಾರೂ ಕೇಳಲಿಲ್ಲ. ಅವರು ಅಪ್ರಾಪ್ತ ವಯಸ್ಕರು. ಅವರಿಗೆ ಹಸಿವಿಲ್ಲ ಎಂದು ಅವರ ಪರವಾಗಿ ಹೇಳಲು ದೊಡ್ಡವರಿಗೇ ಬರುತ್ತದೆ.

ಪಕ್ಕದ ತಮಿಳುನಾಡು 1989ರಲ್ಲೇ ಶಾಲೆಯ ಊಟದಲ್ಲಿ ಹದಿನೈದು ದಿನಕ್ಕೊಂದು ಮೊಟ್ಟೆ ಇಟ್ಟಿತು. ಆಮೇಲೆ ಅದು ವಾರಕ್ಕೊಂದಾಗಿ, ಮುಂದೆ ಶಾಲೆ ನಡೆಯುವ ಐದೂ ದಿನಕ್ಕೆ ಏರಿತು. ಅಲ್ಲಿ ಸರ್ಕಾರಗಳು ಬದಲಾದವು, ಒಬ್ಬರ ಮುಖ ಒಬ್ಬರು ನೋಡದ ನಾಯಕರು ಸರದಿಯಲ್ಲಿ ಬಂದು ಹೋದರು, ಯಾರೂ ಮೊಟ್ಟೆಗೆ ಕೈಹಚ್ಚಲಿಲ್ಲ. ಹೊಸೂರಿನಲ್ಲಿ ಮಗುವಿನ ತಟ್ಟೆಗೆ ಬಿದ್ದ ಆ ಮೊಟ್ಟೆ ಗಡಿ ದಾಟಿ ಅತ್ತಿಬೆಲೆಯ ಮಗುವಿನ ತಟ್ಟೆಗೆ ಬರಲು 33 ವರ್ಷ ಹಿಡಿಯಿತು. ಬಸ್ಸಿನಲ್ಲಾದರೆ ಅರ್ಧ ಗಂಟೆಯ ದಾರಿ. ತಮಿಳುನಾಡಿನ ನಾಮಕ್ಕಲ್‌ನಿಂದ ಹೊರಟ ಮೊಟ್ಟೆಯ ಲಾರಿಗಳು ಅಷ್ಟೂ ವರ್ಷ ಬೆಂಗಳೂರಿನ ಬೇಕರಿಗಳಿಗೂ ಹೋಟೆಲುಗಳಿಗೂ ನಿರಾತಂಕವಾಗಿ ಬರುತ್ತಿದ್ದವು. ನಮ್ಮ ಸಂಸ್ಕೃತಿಯ ಚೆಕ್‌ಪೋಸ್ಟ್ ಇದ್ದದ್ದು ಶಾಲೆಯ ಗೇಟಿನಲ್ಲಿ ಮಾತ್ರ.

ಬಿಸಿಯೂಟವೇ ಯಾರೂ ಪ್ರೀತಿಯಿಂದ ಕೊಟ್ಟದ್ದಲ್ಲ. 2001ರಲ್ಲಿ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿತ್ತು, ಬರ ಬಿದ್ದ ರಾಜಸ್ಥಾನದ ಹಳ್ಳಿಗಳಲ್ಲಿ ಜನ ಹಸಿದಿದ್ದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ರಾಜಸ್ಥಾನ ಘಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ ನವೆಂಬರ್ 28ರಂದು ಕೋರ್ಟು, ಸರ್ಕಾರಿ ಶಾಲೆಯ ಮಕ್ಕಳಿಗೆ ಅಕ್ಕಿ ಚೀಲ ತೋರಿಸಿದರೆ ಸಾಲದು, ಬೇಯಿಸಿದ ಊಟ ಕೊಡಿ ಎಂದು ಆದೇಶಿಸಿತು. ಮರುವರ್ಷ ನಮ್ಮಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರುವಾಯಿತು. ದಾಸೋಹ ಎಂಬ ಹೆಸರಿಟ್ಟ ಮೇಲೆ ಅದು ಯಾರದೋ ಔದಾರ್ಯದಂತೆ ಕಾಣತೊಡಗಿತು. ಕೋರ್ಟಿನ ಮೆಟ್ಟಿಲು ಹತ್ತಿದವರ ಹೆಸರು ಮರೆತುಹೋಯಿತು. ಇದು ನಮ್ಮ ಹಳೆಯ ಪದ್ಧತಿ. ಜಗಳ ಮಾಡಿ ತಂದವನು ಊರ ಹೊರಗೆ, ಬಡಿಸುವ ಸೌಟು ಹಿಡಿದವನು ಫ್ಲೆಕ್ಸಿನ ಮೇಲೆ.

ಇನ್ನು ನಮ್ಮ ಧಾರ್ಮಿಕ ಭಾವನೆಯ ಭೂಗೋಳವನ್ನು ನೋಡಿ. 2017ರ ಅಕ್ಟೋಬರ್ 2ರಂದು, ಬೇರೆ ದಿನ ಸಿಗಲಿಲ್ಲವೋ ಏನೋ, ಗಾಂಧಿ ಜಯಂತಿಯಂದೇ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಜಾರಿಗೆ ಬಂತು. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿ ಊಟ, ಜೊತೆಗೆ ಮೊಟ್ಟೆ. ಅಂಗನವಾಡಿಯ ಪುಟ್ಟ ಮಕ್ಕಳಿಗೂ ವಾರಕ್ಕೆರಡು ಮೊಟ್ಟೆ. ಇದಕ್ಕೆ ಹೇಳಿಕೊಳ್ಳುವಂಥ ಗಲಾಟೆ ಆಗಲಿಲ್ಲ. ಅಂದರೆ ಮಗು ತಾಯಿಯ ಹೊಟ್ಟೆಯಲ್ಲಿರುವಾಗ ಮೊಟ್ಟೆ ಪೌಷ್ಟಿಕಾಂಶ. ಅಂಗನವಾಡಿಯ ಚಾಪೆಯ ಮೇಲೆ ಕೂತಾಗಲೂ ಪೌಷ್ಟಿಕಾಂಶ. ಅದೇ ಮಗು ಸ್ಲೇಟು ಹಿಡಿದು ಪಕ್ಕದ ಕಟ್ಟಡದ ಒಂದನೇ ತರಗತಿಗೆ ನಡೆದುಕೊಂಡು ಹೋದರೆ, ಅದೇ ಕೋಳಿ ಇಟ್ಟ ಅದೇ ಮೊಟ್ಟೆ ಪರಂಪರೆಯ ಮೇಲಿನ ದಾಳಿ. ಕೆಲವು ಊರುಗಳಲ್ಲಿ ಅಂಗನವಾಡಿಗೂ ಶಾಲೆಗೂ ನಡುವೆ ಇರುವುದು ಒಂದೇ ಗೋಡೆ. ಆರು ವರ್ಷದ ಬುದ್ಧಿ, ಅರವತ್ತು ವರ್ಷದವರಂತೆ, ಗೋಡೆ ನೋಡಿ ಧರ್ಮ ಬದಲಿಸುವುದನ್ನು ಇನ್ನೂ ಕಲಿತಿರುವುದಿಲ್ಲ. ಅದನ್ನು ಕಲಿಸುವುದಕ್ಕೇ ಶಾಲೆ ಇರುವುದೆಂದು ಕಾಣುತ್ತದೆ.

2021ರ ಡಿಸೆಂಬರ್‌ನಲ್ಲಿ ಕೊನೆಗೂ ಸರ್ಕಾರ ಶಾಲೆಯ ಊಟಕ್ಕೆ ಮೊಟ್ಟೆ ಇಡುವ ಧೈರ್ಯ ಮಾಡಿತು. ಅದೂ ಏಳೇ ಜಿಲ್ಲೆಗಳಲ್ಲಿ: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ. ಅಲ್ಲಿ ಅಪೌಷ್ಟಿಕತೆ ಹೆಚ್ಚು, ರಕ್ತಹೀನತೆ ಹೆಚ್ಚು ಎಂಬುದು ಕಾರಣ. ಒಟ್ಟು ರಾಜ್ಯದ ಲೆಕ್ಕವೂ ಬೀಗುವಂಥದ್ದಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳು ದಾಟಿದ ಪುಟ್ಟ ಮಕ್ಕಳಲ್ಲಿ ಶೇ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಐಟಿ ರಾಜಧಾನಿ ಇರುವ ರಾಜ್ಯದ ಅಂಕಿ ಇದು. ಸಾಫ್ಟ್‌ವೇರ್ ರಫ್ತಿನಲ್ಲಿ ನಾವು ಮುಂದೆ, ಮಗುವಿನ ಎತ್ತರದಲ್ಲಿ ಹಿಂದೆ.

ಮೊಟ್ಟೆ ಬಂತೆಂದು ತಿಳಿದದ್ದೇ ತಡ, ಸಮುದಾಯದ ಸಹಭಾಗಿತ್ವ ಉಕ್ಕಿ ಹರಿಯಿತು. ಕೆಲವು ಮಠಾಧೀಶರು ಬೀದಿಗಿಳಿದರು. ಶಾಲೆಗಳು ಮಿಲಿಟರಿ ಹೋಟೆಲುಗಳಾಗುತ್ತವೆ ಎಂಬ ಎಚ್ಚರಿಕೆ ಬಂತು. ಈ ಮಾತನ್ನು ಮಿಲಿಟರಿ ಹೋಟೆಲಿನವರು ಹೇಗೆ ಸಹಿಸಿಕೊಂಡರೋ ತಿಳಿಯದು. ಮುದ್ದೆ, ನಾಟಿ ಕೋಳಿ ಸಾರು, ಬೋಟಿ ಗೊಜ್ಜು ಕೊಟ್ಟು ಮರ್ಯಾದೆಯಿಂದ ವ್ಯಾಪಾರ ಮಾಡುವವರನ್ನು, ತೆಳ್ಳನೆ ಸಾಂಬಾರಿನ ಪಕ್ಕ ಒಂದು ಬೇಯಿಸಿದ ಮೊಟ್ಟೆ ಇಡುವ ಸರ್ಕಾರಕ್ಕೆ ಹೋಲಿಸುವುದು ನ್ಯಾಯವೇ? ಅಲ್ಲಿ ಗಿರಾಕಿಗೆ ಬೇಕಾದ್ದನ್ನು ಕೇಳಿ ಬಡಿಸುತ್ತಾರೆ. ಅಷ್ಟೇ ಸಾಕು, ಅದು ಸರ್ಕಾರಿ ಶಾಲೆಯಂತೆ ಇಲ್ಲ ಎನ್ನುವುದಕ್ಕೆ.

ಇನ್ನೊಂದು ವಾದವೂ ಇತ್ತು. ಮೊಟ್ಟೆ ತಿನ್ನದ ಮಕ್ಕಳು ಮೊಟ್ಟೆ ತಿನ್ನುವವರ ಪಕ್ಕ ಕೂರಬೇಕಾಗುತ್ತದೆ, ಅವರ ಮನಸ್ಸಿಗೆ ನೋವಾಗುತ್ತದೆ. ನಾನು ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಗುವಿನ ಮನಸ್ಸಿನ ನೋವು ನಿಜವಾದದ್ದು. ಅದಕ್ಕಾಗಿಯೇ ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು, ಆಮೇಲೆ ಚಿಕ್ಕಿ ಎಂದು ಆದೇಶಗಳಲ್ಲೇ ಬರೆದಿತ್ತು. ಆದರೆ ಪಕ್ಕ ಕೂರುವುದೇ ನೋವು ಎನ್ನುವ ವಾದಕ್ಕೆ ನಮ್ಮಲ್ಲಿ ಹಳೆಯ ಇತಿಹಾಸವಿದೆ, ಮತ್ತು ಆ ಇತಿಹಾಸದಲ್ಲಿ ಎದ್ದು ಹೋಗಬೇಕಾಗಿದ್ದವರು ಯಾವತ್ತೂ ಒಂದೇ ಕಡೆಯವರು. ಬಿಸಿಯೂಟದ ದಲಿತ ಅಡುಗೆಯವರ ಕೈಯ ಅನ್ನ ಬೇಡವೆಂದು ಮಕ್ಕಳನ್ನು ಮನೆಗೆ ಕರೆದುಕೊಂಡು ಹೋದ ಊರುಗಳ ಸುದ್ದಿ ನಮ್ಮ ಪತ್ರಿಕೆಗಳಲ್ಲೇ ಎಷ್ಟು ಸಲ ಬಂದಿಲ್ಲ? ಅಲ್ಲಿ ತಟ್ಟೆಯಲ್ಲಿ ಮೊಟ್ಟೆಯೂ ಇರಲಿಲ್ಲ.

ಅಷ್ಟರಲ್ಲಿ ಆಹ್ವಾನವಿಲ್ಲದ ಪಾಲುದಾರರು ಸಭೆಗೆ ನುಗ್ಗಿದರು. ಗಂಗಾವತಿಯಲ್ಲಿ ಶಾಲಾ ಮಕ್ಕಳು ಪ್ರತಿಭಟನೆಗೆ ಬಂದರು. ಅಲ್ಲಿನ ಹುಡುಗಿಯೊಬ್ಬಳು, ಶಾಲೆಯಲ್ಲಿ ತತ್ತಿ ಕೊಡುವುದನ್ನು ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ಒಂದಲ್ಲ ಎರಡು ತಿನ್ನುತ್ತೇವೆ ಎಂಬರ್ಥದಲ್ಲಿ ಸ್ವಾಮಿಗಳನ್ನು ನೇರವಾಗಿ ಕೇಳಿದ ವಿಡಿಯೊ ರಾಜ್ಯವೆಲ್ಲ ಸುತ್ತಿತು. ನಾವು ಬಡವರ ಮಕ್ಕಳು, ನಮಗೆ ಏನು ಬೇಕೆಂದು ಹೇಳುವುದಕ್ಕೆ ನೀವು ಯಾರು ಎಂಬ ಧಾಟಿ ಅದು. ಆ ಎರಡು ನಿಮಿಷದಲ್ಲಿ ಸಾರ್ವಜನಿಕ ಆರೋಗ್ಯ ನೀತಿಯ ಬಗ್ಗೆ ಇದ್ದಷ್ಟು ಸ್ಪಷ್ಟತೆ ಎಷ್ಟೋ ದಪ್ಪ ವರದಿಗಳಲ್ಲಿ ಇಲ್ಲ. ಪ್ರತಿಕ್ರಿಯೆ ಮಾತ್ರ ನಿರೀಕ್ಷಿತವೇ. ಮಕ್ಕಳಿಗೆ ಯಾರೋ ಹೇಳಿಕೊಟ್ಟಿದ್ದಾರೆ ಎಂದರು. ಹೌದು, ಯಾರೋ ಹೇಳಿಕೊಟ್ಟಿರಬೇಕು. ಹೊಟ್ಟೆ ಹೇಳಿಕೊಟ್ಟಿತ್ತು.

ಇಷ್ಟು ಹೊತ್ತಿಗೆ ಜನಾರೋಗ್ಯ ಆಂದೋಲನದವರು, ಆಹಾರದ ಹಕ್ಕಿನ ಹೋರಾಟಗಾರರು, ವೈದ್ಯರು, ವಿದ್ಯಾರ್ಥಿ ಸಂಘಟನೆಗಳು ಮನವಿಯ ಮೇಲೆ ಮನವಿ ಬರೆದಿದ್ದರು. ಇವರ ವಾದ ಯಾವ ತತ್ವಶಾಸ್ತ್ರವೂ ಅಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಒಳ್ಳೆಯ ಪ್ರೊಟೀನು, ಒಂದು ಬಾಳೆಹಣ್ಣಿನಲ್ಲಿ ಒಂದು ಗ್ರಾಂ. ಬೇಳೆಯನ್ನು ನೀರು ಮಾಡಬಹುದು, ಹಾಲಿಗೆ ನೀರು ಬೆರೆಸಬಹುದು, ತರಕಾರಿಯನ್ನು ಕಾಗದದ ಮೇಲೆ ಮಾತ್ರ ಬೇಯಿಸಬಹುದು. ಮೊಟ್ಟೆಗೆ ನೀರು ಹಾಕುವ ಗುತ್ತಿಗೆದಾರ ಇನ್ನೂ ಹುಟ್ಟಿಲ್ಲ. ಕೊಟ್ಟರೆ ಇಡೀ ಕೊಡಬೇಕು, ಕೊಡದಿದ್ದರೆ ಮೂರನೇ ತರಗತಿಯ ಮಗುವಿಗೂ ಗೊತ್ತಾಗುತ್ತದೆ. ಸರ್ಕಾರಿ ವ್ಯವಸ್ಥೆಗೆ ಮೊಟ್ಟೆ ಇಷ್ಟು ವರ್ಷ ರುಚಿಸದಿರಲು ಧರ್ಮಕ್ಕಿಂತ ಇದೇ ದೊಡ್ಡ ಕಾರಣವೇನೋ ಎಂಬ ಅನುಮಾನ ನನ್ನದು.

2022ರ ಜುಲೈ ಬಂತು. ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ರಾಜ್ಯ ಸರ್ಕಾರ ರಚಿಸಿದ್ದ ಸಮಿತಿಗಳಲ್ಲಿ ಆರೋಗ್ಯ ಮತ್ತು ಯೋಗಕ್ಷೇಮ ನೋಡಿಕೊಳ್ಳಬೇಕಿದ್ದ ಸಮಿತಿಯ ಪ್ರಬಂಧ ಹೊರಬಿತ್ತು. ಭಾರತೀಯರದು ಸಣ್ಣ ದೇಹ, ಮೊಟ್ಟೆ ಮಾಂಸ ನಿತ್ಯ ತಿಂದರೆ ಅದರ ಕೊಲೆಸ್ಟರಾಲ್‌ನಿಂದ ಬರುವ ಹೆಚ್ಚುವರಿ ಶಕ್ತಿಯಿಂದ ಜೀವನಶೈಲಿಯ ಕಾಯಿಲೆಗಳು ಬರುತ್ತವೆ ಎಂಬುದು ಅದರ ಸಾರ. ಕೊಲೆಸ್ಟರಾಲ್ ದೇಹಕ್ಕೆ ಶಕ್ತಿ ಕೊಡುವ ಪದಾರ್ಥವೇ ಅಲ್ಲ ಎಂಬುದನ್ನು ಪಿಯುಸಿಯ ಜೀವಶಾಸ್ತ್ರದ ಮೇಷ್ಟರು ಹೇಳುತ್ತಿದ್ದರು, ಅವರನ್ನು ಸಮಿತಿಗೆ ಕರೆದಿದ್ದರೆ. ದೇಹ ಸಣ್ಣದಿರುವುದು ಏಕೆ ಎಂಬ ಪ್ರಶ್ನೆಗೆ ಪ್ರಬಂಧ ಹೋಗಲಿಲ್ಲ. ಮಗುವಿಗೆ ಸರಿಯಾಗಿ ಊಟವಿಲ್ಲ, ಆದ್ದರಿಂದ ದೇಹ ಬೆಳೆದಿಲ್ಲ. ದೇಹ ಬೆಳೆದಿಲ್ಲ, ಆದ್ದರಿಂದ ಊಟ ಕಡಿಮೆ ಕೊಡಿ. ಇಂಥ ತರ್ಕಕ್ಕೆ ನಿಲುಕಬೇಕಾದರೆ ದೊಡ್ಡ ದೇಹವೇ ಬೇಕು. ಯಾದಗಿರಿಯ ಎಂಟನೇ ತರಗತಿಯ ಹುಡುಗಿಗೆ ಜೀವನಶೈಲಿಯ ಕಾಯಿಲೆ ಬರುವುದಿದ್ದರೆ ಮೊದಲು ಅವಳಿಗೊಂದು ಜೀವನಶೈಲಿ ಸಿಗಬೇಕಲ್ಲ.

ಯಾದಗಿರಿಯ ಹುಡುಗಿಯನ್ನು ಸುಮ್ಮನೆ ಎಳೆದು ತಂದದ್ದಲ್ಲ. ಅದೇ ಹೊತ್ತಿಗೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗ ಜಿಲ್ಲೆಯ ಮಕ್ಕಳನ್ನೂ ತೂಗಿ ನೋಡಿತ್ತು. ಎಂಟನೇ ತರಗತಿಯ ಹೆಣ್ಣುಮಕ್ಕಳ ತೂಕದ ಏರಿಕೆ ಗದಗದ ಗೆಳತಿಯರಿಗಿಂತ ಯಾದಗಿರಿಯಲ್ಲಿ ಶೇ 71ರವರೆಗೆ ಹೆಚ್ಚಿತ್ತು. ವಾರಕ್ಕೆ ಎರಡು ಮೂರು ಮೊಟ್ಟೆಗೆ ಇಷ್ಟು. ಒಂದೇ ರಾಜ್ಯದ ಎರಡು ಕಾಗದಗಳು ಒಂದೇ ತಿಂಗಳು ಮೇಜಿಗೆ ಬಂದವು. ಒಂದರಲ್ಲಿ ತಕ್ಕಡಿ ಇತ್ತು, ಇನ್ನೊಂದರಲ್ಲಿ ಭಾವನೆ. ಟಿ.ವಿ.ಯಲ್ಲಿ ಹೆಚ್ಚು ಹೊತ್ತು ಯಾವುದು ಓಡಿತೆಂದು ಕೇಳಬೇಡಿ.

ಆದರೂ ಒಂದು ವಿಷಯ ಒಪ್ಪಿಕೊಳ್ಳಬೇಕು: ಸರ್ಕಾರ ಹಿಂದೆ ಸರಿಯಲಿಲ್ಲ. 2022–23ರಲ್ಲಿ ಯೋಜನೆ ಎಲ್ಲ ಜಿಲ್ಲೆಗಳಿಗೂ ಹೋಯಿತು, ವರ್ಷಕ್ಕೆ 46 ದಿನ. ವರ್ಷಕ್ಕೆ 46 ದಿನ ಮಾತ್ರ ಪ್ರೊಟೀನು ಬೇಕಾಗುವ ಮಗು ಯಾವ ಗ್ರಹದ್ದೋ ಗೊತ್ತಿಲ್ಲ, ಇರಲಿ. 2023ರಲ್ಲಿ ಸರ್ಕಾರ ಬದಲಾಯಿತು, ವಾರಕ್ಕೆರಡಾಯಿತು, ಒಂಬತ್ತು ಹತ್ತನೇ ತರಗತಿಗೂ ಬಂತು. ಒಂದು ಪಕ್ಷ ಶುರು ಮಾಡಿದ್ದನ್ನು ಇನ್ನೊಂದು ಪಕ್ಷ ನಿಲ್ಲಿಸದೆ ಹೆಚ್ಚಿಸಿದ್ದು ಈ ರಾಜ್ಯದಲ್ಲಿ ತೀರಾ ಅಪರೂಪ. ಗಂಗಾವತಿಯ ಹುಡುಗಿಯ ಭಯ ಇಬ್ಬರಿಗೂ ಇತ್ತೆಂದು ಭಾವಿಸೋಣ. ಬಹುಪಾಲು ಮಕ್ಕಳು ಬಾಳೆಹಣ್ಣನ್ನೂ ಚಿಕ್ಕಿಯನ್ನೂ ಬಿಟ್ಟು ಮೊಟ್ಟೆಯನ್ನೇ ಆರಿಸಿಕೊಂಡರು. ಕರ್ನಾಟಕದಲ್ಲಿ ಐವರಲ್ಲಿ ಸುಮಾರು ನಾಲ್ವರು ಮಾಂಸಾಹಾರಿಗಳೆಂದು ಕೇಂದ್ರ ಸರ್ಕಾರದ 2014ರ ಮಾದರಿ ನೋಂದಣಿ ಸಮೀಕ್ಷೆ ಮೊದಲೇ ಹೇಳಿತ್ತು. ಇಷ್ಟಾದರೂ ಟಿ.ವಿ. ಚರ್ಚೆಗಳಲ್ಲಿ ಆ ನಾಲ್ವರನ್ನು ‘ಒಂದು ವರ್ಗ’ ಎಂದೂ ಐದನೆಯವರನ್ನು ‘ಸಮಾಜ’ ಎಂದೂ ಕರೆಯುತ್ತಾರೆ. ಚಿಕ್ಕಿಯ ಕತೆ 2025ರಲ್ಲಿ ಮುಗಿಯಿತು. ಸಕ್ಕರೆ ಹೆಚ್ಚು, ಕೆಟ್ಟ ಕೊಬ್ಬು ಹೆಚ್ಚು, ಅವಧಿ ಮೀರಿದ್ದನ್ನೂ ಹಂಚಿದ್ದಾರೆ ಎಂಬ ದೂರುಗಳ ಮೇಲೆ ಶಿಕ್ಷಣ ಇಲಾಖೆಯೇ ಅದನ್ನು ನಿಲ್ಲಿಸಿತು. ಸಾತ್ವಿಕವೆಂದು ಕೈಮುಗಿದು ಕೊಟ್ಟದ್ದೇ ಕಡೆಗೆ ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಹೊರಟಿತು. ಯಾವ ಮಠವೂ ಚಿಕ್ಕಿಯ ವಿರುದ್ಧ ಬೀದಿಗಿಳಿದಿರಲಿಲ್ಲ.

ಈಗ ಅಡುಗೆಮನೆಗೆ ಬನ್ನಿ. ಸರ್ಕಾರ ಒಂದು ಮೊಟ್ಟೆಗೆ ಇಟ್ಟ ದರ ಆರು ರೂಪಾಯಿ. ಇದರಲ್ಲಿ ಮೊಟ್ಟೆ ಕೊಳ್ಳಬೇಕು, ಸಾಗಿಸಬೇಕು, ಬೇಯಿಸಬೇಕು, ಸುಲಿಯಬೇಕು. ಮೊಟ್ಟೆಯ ದರ ಏರುವುದು ಮಾರುಕಟ್ಟೆಯಲ್ಲಿ, ಆದೇಶ ತಿದ್ದುವುದು ವಿಧಾನಸೌಧದಲ್ಲಿ. ಅವೆರಡರ ನಡುವಿನ ದೂರವನ್ನು ಹೆಡ್‌ಮಾಸ್ಟರು ಸ್ವಂತ ಜೇಬಿನಿಂದ ಕ್ರಮಿಸುತ್ತಾರೆ. ಚಳಿಗಾಲದಲ್ಲಿ ದರ ಏರಿದಾಗ ಯಾವುದೇ ಬಿಸಿಯೂಟದ ಕೋಣೆಯಲ್ಲಿ ಕೇಳಿಬರಬಹುದಾದ ಮಾತು ಹೀಗಿರುತ್ತದೆ:

“ಸರ, ಅಂಗಡ್ಯಾಗ ತತ್ತಿ ಏಳು ರೂಪಾಯಿ ಆಗೇತ್ರಿ.”

“ಏನ್ ಮಾಡೂದಬೇ ಯಕ್ಕಾ, ಆರ್ಡರ್‌ನಾಗ ಆರೈತಿ.”

“ಹಂಗಾದ್ರ ಆ ಆರ್ಡರ್ ಬರದಾವ್ರನ್ನ ಒಂದ್ಸಲ ಸಂತಿಗಿ ಕಳಸ್ರಿ.”

ಆ ಅಕ್ಕನ ಗೌರವಧನ ತಿಂಗಳಿಗೆ ಐದು ಸಾವಿರವನ್ನೂ ಮುಟ್ಟುವುದಿಲ್ಲ. ಅದನ್ನು ಸಂಬಳ ಎನ್ನುವ ಹಾಗಿಲ್ಲ. ಸಂಬಳವೆಂದರೆ ಕನಿಷ್ಠ ವೇತನದ ಕಾನೂನು ನೆನಪಾಗುತ್ತದೆ. ಹಾಗಾಗಿ ಗೌರವ ಕೊಟ್ಟು ಧನವನ್ನು ಉಳಿಸಿಕೊಂಡಿದ್ದಾರೆ. ಬಿಸಿಯೂಟ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಕೂತಾಗ ಮಾತ್ರ ಅವರನ್ನು ಸಮುದಾಯ ಎಂದು ಯಾರೂ ಕರೆಯುವುದಿಲ್ಲ. ಆಗ ಅವರು ಸಂಚಾರ ದಟ್ಟಣೆ. ಮೊಟ್ಟೆಯ ಆಧ್ಯಾತ್ಮಿಕ ಪರಿಣಾಮಗಳ ಬಗ್ಗೆ ಎಲ್ಲರಿಗೂ ಮೈಕು ಸಿಕ್ಕಿತು, ದಿನಕ್ಕೆ ಇನ್ನೂರು ಮೊಟ್ಟೆ ಸುಲಿಯುವ ಕೈಗೆ ಸಿಗಲಿಲ್ಲ.

ಸಮುದಾಯ ಎಂದಕೂಡಲೇ ಅದು ಹೋರಾಟಗಾರರ ಕಡೆಗೇ ಇರುತ್ತದೆ ಎಂದು ನಂಬುವವರಿಗೂ ಒಂದು ಮಾತು. 2025ರಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ, ದೇವಸ್ಥಾನ ಹತ್ತಿರವಿದೆ, ಇಲ್ಲಿ ಮೊಟ್ಟೆ ಬೇಯಿಸಬಾರದು ಎಂದು ಪೋಷಕರು ಪಟ್ಟು ಹಿಡಿದರು. ಹಲವಾರು ಮಕ್ಕಳ ಟಿ.ಸಿ. ಪಡೆದು ಬೇರೆ ಶಾಲೆಗೆ ಸೇರಿಸಿಬಿಟ್ಟರು. ಅವರೂ ಸಮುದಾಯವೇ. ಅವರೂ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಬರುವ ಜನವೇ, ಬಹುಶಃ ತಪ್ಪದೆ ಬರುವವರು. ಕೂಲಿ ಬಿಟ್ಟು ಬರಲಾಗದವರ ಮಕ್ಕಳೇ ಮೊಟ್ಟೆಗೆ ಕಾಯುವವರು. ಸಭೆಗೆ ಬಿಡುವಿದ್ದವರ ಅಭಿಪ್ರಾಯ ಊರಿನ ಅಭಿಪ್ರಾಯವಾಗುತ್ತದೆ. ಠರಾವು ಪುಸ್ತಕದಲ್ಲಿ ‘ಸರ್ವಾನುಮತದಿಂದ’ ಎಂದು ಬರೆಯಲು ಇಬ್ಬರು ಮೌನವಾಗಿದ್ದರೆ ಸಾಕು. ಅಧಿಕಾರಿ ಅದನ್ನು ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾನೆ. ಸಹಭಾಗಿತ್ವ ಸಂಪನ್ನ.

ನಾವು, ಅಂದರೆ ಈ ಅಂಕಣ ಓದುವವರು ಮತ್ತು ಬರೆಯುವವನು, ಎಲ್ಲಿದ್ದೇವೆ? ನಮ್ಮ ಮಕ್ಕಳು ಬೇರೆ ಶಾಲೆಯಲ್ಲಿದ್ದಾರೆ. ಡಬ್ಬಿಯಲ್ಲಿ ಮೊಟ್ಟೆ ಇರಬೇಕೋ ಬೇಡವೋ ಎಂಬುದು ಮನೆಯೊಳಗಿನ ವಿಷಯ, ಪರರು ಮಾತಾಡಿದರೆ ಸಿಟ್ಟು ಬರುತ್ತದೆ. ಜಿಮ್ಮಿಗೆ ಹೋಗುವ ಮಗನಿಗೆ ದಿನಕ್ಕೆ ಆರು ಬಿಳಿಭಾಗ ಬೇಕು, ಅದು ಆರೋಗ್ಯ ಪ್ರಜ್ಞೆ. ಸರ್ಕಾರಿ ಶಾಲೆಯ ಹುಡುಗನಿಗೆ ವಾರಕ್ಕೆ ಎರಡು ಎಂದಾಗ ಮಾತ್ರ ನಮಗೆ ರಾಜ್ಯದ ಬೊಕ್ಕಸವೂ ಸನಾತನ ಮೌಲ್ಯಗಳೂ ಒಟ್ಟಿಗೇ ನೆನಪಾಗುತ್ತವೆ. ತನ್ನ ಮಗುವಿನ ತಟ್ಟೆ ಇಲ್ಲದ ಪಂಕ್ತಿಯ ಅಡುಗೆಪಟ್ಟಿಯನ್ನು ಬರೆಯುವುದು ಎಷ್ಟು ಸುಲಭ!

ಕೊನೆಗೆ ಲೆಕ್ಕ. 2024ರ ಜುಲೈಯಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ವಾರದ ಎರಡು ಮೊಟ್ಟೆಗೆ ಇನ್ನೂ ನಾಲ್ಕು ಸೇರಿ ಆರಾದವು. ಸುಮಾರು 55 ಲಕ್ಷ ಮಕ್ಕಳು, 1,500 ಕೋಟಿ ರೂಪಾಯಿಗೂ ಹೆಚ್ಚು ನೆರವು. ಇದು ಒಳ್ಳೆಯ ಕೆಲಸ, ಇದರಲ್ಲಿ ಕೊಂಕು ತೆಗೆಯಲು ನನಗೇನೂ ಇಲ್ಲ. ಕೊಂಕು ಇರುವುದು ಇನ್ನೊಂದು ಕಡೆ. 2001ರಲ್ಲಿ ಕೋರ್ಟಿಗೆ ಹೋದವರು ಕೇಳಿದ್ದು ಹಕ್ಕನ್ನು. ಈಗ ವಾರದ ಆರು ಮೊಟ್ಟೆಗಳಲ್ಲಿ ಎರಡು ಸರ್ಕಾರದ್ದು, ನಾಲ್ಕು ದಾನಿಯದು. ನಾಳೆ ಕೇಳುವಾಗ ಮಗು ಯಾರ ಬಾಗಿಲಿಗೆ ಹೋಗಬೇಕು ಎಂಬುದನ್ನು ಯಾವ ಆದೇಶವೂ ಬರೆದಿಟ್ಟಿಲ್ಲ. ಮುಂದಿನ ಬಜೆಟ್ ಭಾಷಣವನ್ನು ಕೇಳುವಾಗ ರಸ್ತೆ, ಸುರಂಗ, ಮೇಲ್ಸೇತುವೆಗಳ ನಡುವೆ ಆ ನಾಲ್ಕು ಮೊಟ್ಟೆಗಳಿಗೆ ಸರ್ಕಾರದ ಸ್ವಂತ ದುಡ್ಡು ಎಲ್ಲಾದರೂ ಇದೆಯೇ ಎಂದು ದಯವಿಟ್ಟು ಹುಡುಕಿ ನೋಡಿ. ಒಪ್ಪಂದದ ಅವಧಿ ಮೂರೇ ವರ್ಷ.